ರುದ್ರೇಶ್ ಮಹಂತಪ್ಪ ಅವರನ್ನ ಎಲ್ಲಿಂದ ಕೇಳೋಕೆ ಶುರು ಮಾಡೋದು?

"ಜಾಝ್ ತಲೆಗೇ ಹತ್ತಲ್ಲ ಮಾರಾಯ" ಅನ್ನೋರಿಗೆ ನಾನು ಹೇಳೋದು ಇವರ ಹೆಸರೇ. ಅಪ್ಪ ಅಮ್ಮ ಕನ್ನಡದವರು, ಹುಟ್ಟಿದ್ದು 1971ರಲ್ಲಿ ಇಟಲಿಲಿ, ಬೆಳೆದಿದ್ದು ಅಮೆರಿಕದ ಕೊಲರಾಡೋಲಿ, ನುಡಿಸೋದು ಆಲ್ಟೊ ಸ್ಯಾಕ್ಸ್, ಅಂದ್ರೆ ಒಂದು ಬಗೆಯ ಸ್ಯಾಕ್ಸೊಫೋನ್. ಆದ್ರೆ ಆಲ್ಬಮ್‌ಗಳನ್ನ ವರ್ಷದ ಪ್ರಕಾರ ಸಾಲಾಗಿ ಕೇಳೋಕೆ ಹೋಗ್ಬೇಡಿ, ಅರ್ಧಕ್ಕೇ ಬಿಟ್ಬಿಡ್ತೀರ.

ಮೊದಲು 2008ರ 'ಕಿನ್ಸ್‌ಮೆನ್' ಹಾಕಿ. ಇದರಲ್ಲಿ ಅರ್ಧ ನಮ್ಮ ಕಿವಿಗೆ ಆಗ್ಲೇ ಪರಿಚಯ ಇರೋದೇ, ಸ್ಯಾಕ್ಸಲ್ಲಿ ಕರ್ನಾಟಕ ಸಂಗೀತ ನುಡಿಸ್ತಿದ್ದ ಕದ್ರಿ ಗೋಪಾಲನಾಥರು ಜೊತೆಗೆ ನುಡಿಸಿದಾರೆ, ಪಿಟೀಲು ಕನ್ಯಾಕುಮಾರಿ ಅವರದ್ದು, ಮೃದಂಗ ಪೂವಲೂರ್ ಶ್ರೀಜಿ. (ಕಾಲೇಜಲ್ಲಿದ್ದಾಗ ಮಹಂತಪ್ಪ ಅವರಿಗೆ ಅವರ ಅಣ್ಣ ಸುಮ್ನೆ ತಮಾಷೆಗೆ ಅಂತ ಗೋಪಾಲನಾಥರ ಆಲ್ಬಮ್ ಕೊಟ್ಟಿದ್ರಂತೆ, ಆ ತಮಾಷೆ ಎಲ್ಲಿಗೆ ಬಂತು ನೋಡಿ!) ಕಷ್ಟ ಏನಂದ್ರೆ ಇಬ್ಬರದ್ದೂ ಆಲ್ಟೊನೇ, ಯಾವುದು ಯಾರದ್ದು ಅಂತ ತಲೆ ಕೆಡುತ್ತೆ. ಹೆಡ್‌ಫೋನ್ ಹಾಕ್ಕೊಂಡು ಗಮಕದ ಮೇಲೆ ಕಿವಿ ಇಡಿ, ಸ್ವರದಿಂದ ಸ್ವರಕ್ಕೆ ನಾಗಸ್ವರದ ಥರ ಜಾರ್ಕೊಂಡು ಹೋದ್ರೆ ಗೋಪಾಲನಾಥರು, ಚೂಪಾಗಿ ಒಂದೊಂದು ಸ್ವರನೂ ಕತ್ತರಿಸಿ ಇಟ್ಟ ಹಾಗೆ ಬಂದ್ರೆ ಮಹಂತಪ್ಪ. ನಂಗೆ ಇದು ಹತ್ತಿದ್ದು ಮೂರನೇ ಸಲಕ್ಕೆ, ಈಗ್ಲೂ ಒಂದೆರಡು ಕಡೆ ಎಡವ್ತೀನಿ.

ಆಮೇಲೆ ಹಿಂದಕ್ಕೆ ಬನ್ನಿ, 2004ರ 'ಮದರ್ ಟಂಗ್'. "ನೀವು ಇಂಡಿಯನ್ ಮಾತಾಡ್ತೀರಾ?" ಅಂತ ಅಮೆರಿಕದಲ್ಲಿ ಕೇಳ್ತಾರಲ್ಲ, ಆ ಪ್ರಶ್ನೆಗೆ ಅಲ್ಲಿರೋ ಭಾರತೀಯರು ತಮ್ಮ ತಮ್ಮ ಭಾಷೇಲಿ ಕೊಟ್ಟ ಉತ್ತರ ರೆಕಾರ್ಡ್ ಮಾಡ್ಕೊಂಡು, ಮಾತಿನ ಏರಿಳಿತನೇ ಸ್ವರ ಮಾಡಿದಾರೆ. ಒಂದರ ಹೆಸರು 'ಕನ್ನಡ' ಅಂತಲೇ ಇದೆ. ಪಕ್ಕದ ರೂಮಲ್ಲಿ ಯಾರೋ ಫೋನಲ್ಲಿ ಮಾತಾಡ್ತಿದ್ರೆ ಪದ ಕೇಳಲ್ಲ, ಬರೀ ರಾಗ ಕೇಳುತ್ತಲ್ಲ, ಹಾಗೆ ಕೇಳಿ.

ಮೂರನೇದು 'ಬರ್ಡ್ ಕಾಲ್ಸ್', 2015. ಇದನ್ನ ನೇರವಾಗಿ ಹಾಕ್ಬೇಡಿ. ಇದು ಜಾಝ್‌ನ ಹಳೇ ಸ್ಯಾಕ್ಸ್ ದಿಗ್ಗಜ ಚಾರ್ಲಿ ಪಾರ್ಕರ್‌ರ ಸಂಗೀತದಿಂದ ಎಳೆ ತಗೊಂಡು ಮಾಡಿದ್ದು, ಅದಕ್ಕೇ ಮೊದಲು ಅವರ 1948ರ 'ಪಾರ್ಕರ್ಸ್ ಮೂಡ್' ಎರಡು ಸಲ ಕೇಳಿ, ಶುರುವಿನ ಆ ಕೂಗು ಕಿವೀಲಿ ಕೂತ ಮೇಲೆ ಇದರಲ್ಲಿರೋ 'ಟಾಲಿನ್ ಈಸ್ ಥಿಂಕಿಂಗ್' ಹಾಕಿ, ಹಳೇ ಎಳೆ ಎಲ್ಲಿ ಬಂತು ಅಂತ ತಾನಾಗೇ ಸಿಗುತ್ತೆ. ಟಾಲಿನ್ ಅಂದ್ರೆ ಮಹಂತಪ್ಪ ಅವರ ಮಗನ ಹೆಸರು.

ತಬಲಾ ಬೇಕು ಅನ್ನೋರಿಗೆ 'ಆಪ್ತಿ' ಇದೆ. 2013ರ 'ಗಮಕ್' ಮಾತ್ರ ಹೆಸರು ನೋಡಿ ಮೊದಲೇ ಹಾಕ್ಬಿಡ್ಬೇಡಿ, ನಾನು ಹಾಗೇ ಮಾಡಿ ಗಿಟಾರ್ ಅಬ್ಬರಕ್ಕೆ ಹತ್ತು ನಿಮಿಷದಲ್ಲಿ ಆಫ್ ಮಾಡಿದ್ದೆ.