ಹಳೆಯ ಫ್ಯಾನ್ ಮೋಟಾರಿಗೆ ವಿಎಫ್‌ಡಿ ಜೋಡಿಸುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳಲ್ಲಿ ಭತ್ತ ಬೇಯಿಸುವ ಬಾಯ್ಲರಿಗೆ ಭತ್ತದ ಹೊಟ್ಟೇ ಉರುವಲು. ಆ ಬಾಯ್ಲರಿನ ಹೊಗೆಯನ್ನು ಚಿಮಣಿಯ ಕಡೆಗೆ ಎಳೆಯುವ ಐಡಿ (ಇಂಡ್ಯೂಸ್ಡ್ ಡ್ರಾಫ್ಟ್) ಫ್ಯಾನಿನ ಮೋಟಾರು ಸದಾ ಪೂರ್ಣ ವೇಗದಲ್ಲೇ ತಿರುಗುತ್ತದೆ. ಎಳೆತ ಹೆಚ್ಚಾಯಿತು ಅನ್ನಿಸಿದಾಗ ಕೆಲಸಗಾರರು ಹೊಗೆಯ ಹಾದಿಯಲ್ಲಿರುವ ಮುಚ್ಚುವ ತಗಡಾದ ಡ್ಯಾಂಪರಿನ ಹಿಡಿಕೆಯನ್ನು ಅರ್ಧಕ್ಕೆ ಮುಚ್ಚಿ ತಂತಿಯಿಂದ ಕಟ್ಟಿಬಿಡುತ್ತಾರೆ. ಹೀಗೆ ಹಾದಿ ಮುಚ್ಚಿ ಫ್ಯಾನನ್ನು ತಿರುಗಿಸುವುದರ ಬದಲು ಮೋಟಾರಿನ ವೇಗವನ್ನೇ ಇಳಿಸುವ ಸಾಧನ ವಿಎಫ್‌ಡಿ. ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ ಎಂಬುದು ಅದರ ಪೂರ್ಣ ಹೆಸರು, ಗಿರಣಿಯವರ ಬಾಯಲ್ಲಿ ಅದು ಬರೀ ಡ್ರೈವ್. ಸುಟ್ಟುಹೋದ ಡ್ರೈವುಗಳನ್ನು ನೋಡಲು ನಾನು ಹೋದ ಕಡೆಗಳಲ್ಲಿ ದೋಷ ಡ್ರೈವಿನೊಳಗೇ ಇದ್ದದ್ದು ಕಡಿಮೆ. ಹಳೆಯ ಸ್ಟಾರ್ಟರಿನ ಯಾವುದಾದರೊಂದು ಭಾಗವನ್ನು ಬಿಚ್ಚದೆ ಉಳಿಸಿಕೊಂಡದ್ದೇ ಬಹಳಷ್ಟು ಸಲ ಅನಾಹುತಕ್ಕೆ ಕಾರಣವಾಗಿತ್ತು. ಆದ್ದರಿಂದ 10 ಎಚ್‌ಪಿಯ ಇಂಥದೊಂದು ಮೋಟಾರನ್ನೇ ಮುಂದಿಟ್ಟುಕೊಂಡು ಕೆಲಸದ ಕ್ರಮವನ್ನು ವಿವರಿಸುತ್ತೇನೆ. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರೇ ಮಾಡಬೇಕಾದ ಕೆಲಸ. ಗಿರಣಿಯ ಮಾಲೀಕರು ಪಕ್ಕದಲ್ಲಿ ನಿಂತು ಏನೇನು ನಡೆಯುತ್ತಿದೆ ಎಂದು ನೋಡಿಕೊಳ್ಳಲು ಈ ಲೇಖನ ಸಾಕು.

ಮೂರು ಫೇಸಿನ ಇಂಡಕ್ಷನ್ ಮೋಟಾರಿನ ವೇಗವನ್ನು ನಿರ್ಧರಿಸುವುದು ಕರೆಂಟಿನ ಆವರ್ತನ ಮತ್ತು ಮೋಟಾರಿನ ಪೋಲುಗಳ (ಕಾಂತಧ್ರುವಗಳ) ಸಂಖ್ಯೆ. ನಾಲ್ಕು ಪೋಲಿನ ಮೋಟಾರಿನಲ್ಲಿ 50 ಹರ್ಟ್ಸ್‌ಗೆ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಶಾಫ್ಟ್ ಸ್ವಲ್ಪ ಹಿಂದೆ ಬಿದ್ದು 1440ರ ಆಸುಪಾಸಿನಲ್ಲಿರುತ್ತದೆ. ಡ್ರೈವ್ ಒಳಬರುವ ಎಸಿಯನ್ನು ಡಿಸಿ ಮಾಡಿ ಕೆಪಾಸಿಟರುಗಳಲ್ಲಿ ಹಿಡಿದಿಟ್ಟುಕೊಂಡು, ಐಜಿಬಿಟಿ ಎಂಬ ಸ್ವಿಚ್ಚುಗಳಿಂದ ಅದನ್ನು ಕತ್ತರಿಸಿ ನಮಗೆ ಬೇಕಾದ ಆವರ್ತನದಲ್ಲಿ ಹೊರಗೆ ಕೊಡುತ್ತದೆ; ಆವರ್ತನ ಇಳಿದಂತೆ ವೋಲ್ಟೇಜನ್ನೂ ಇಳಿಸುತ್ತ ಹೋಗುತ್ತದೆ. 50 ಹರ್ಟ್ಸ್‌ಗೆ 415 ವೋಲ್ಟ್ ಆದರೆ 25ಕ್ಕೆ ಸುಮಾರು 207 ವೋಲ್ಟ್. ಫ್ಯಾನಿನ ವಿಷಯದಲ್ಲಿ ಇದರ ಲಾಭ ದೊಡ್ಡದು: ಬೇಡುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬದಲಾಗುವುದರಿಂದ, 40 ಹರ್ಟ್ಸ್‌ಗೆ ಇಳಿಸಿದರೆ ಗಾಳಿ ನೂರಕ್ಕೆ 80 ಭಾಗ ಸಿಗುತ್ತದೆ, ಶಕ್ತಿ ನೂರಕ್ಕೆ 51 ಭಾಗ ಸಾಕಾಗುತ್ತದೆ. ಎಲಿವೇಟರು, ಕನ್ವೇಯರುಗಳಲ್ಲಿ ಶಕ್ತಿ ವೇಗದಷ್ಟೇ ಇಳಿಯುತ್ತದೆ. ಗಿರಣಿಯ ಮೊದಲ ಡ್ರೈವನ್ನು ಫ್ಯಾನಿಗೇ ಹಾಕಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಕೊಳ್ಳುವಾಗ ಎಚ್‌ಪಿಯನ್ನು ನೋಡಬೇಡಿ, ಆಂಪಿಯರ್ ನೋಡಿ. ನಾಲ್ಕು ಪೋಲಿನ 10 ಎಚ್‌ಪಿ ಮೋಟಾರಿನ ನೇಮ್‌ಪ್ಲೇಟಿನಲ್ಲಿ ಸಾಮಾನ್ಯವಾಗಿ 14ರಿಂದ 15 ಆಂಪಿಯರ್ ಎಂದಿರುತ್ತದೆ, ಆದರೆ ಎರಡು ಮೂರು ಸಲ ರಿವೈಂಡಿಂಗ್ ಆದ ಮೋಟಾರು ಅದಕ್ಕಿಂತ ಹೆಚ್ಚು ಎಳೆಯಬಹುದು. ಹಳೆಯ ಸ್ಟಾರ್ಟರಿನಲ್ಲಿ ಓಡುತ್ತಿರುವಾಗಲೇ ಕ್ಲ್ಯಾಂಪ್ ಮೀಟರ್ ಹಾಕಿ ಬರೆದಿಟ್ಟುಕೊಳ್ಳಬೇಕು. ಅಗ್ಗದ ಕೆಲವು ಡ್ರೈವುಗಳ ಮೇಲೆ ಹಗುರ ಲೋಡಿನ ಲೆಕ್ಕದಲ್ಲಿ ದೊಡ್ಡ ಎಚ್‌ಪಿಯನ್ನು ದಪ್ಪ ಅಕ್ಷರದಲ್ಲಿ ಬರೆದು, ಆಂಪಿಯರನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕಿರುತ್ತಾರೆ. ಅಂಥವುಗಳ ಜೊತೆ ಬರುವ ಪುಸ್ತಿಕೆಯಲ್ಲಿ, ದೋಷ ಕಂಡು ಡ್ರೈವ್ ತಾನೇ ನಿಂತಾಗ (ಟ್ರಿಪ್ ಆದಾಗ) ತೋರಿಸುವ ಕೋಡುಗಳ ಅರ್ಥವೂ ಸರಿಯಾಗಿರುವುದಿಲ್ಲ, ಹಾಗಾಗಿ ಅವನ್ನು ಕೊಳ್ಳಲೇಬೇಡಿ. ಬೋರ್ಡುಗಳಿಗೆ ರಕ್ಷಣಾ ಲೇಪನ ಇರುವ ಡ್ರೈವನ್ನೇ ಕೇಳಿ ಪಡೆಯಿರಿ. ಹೊಟ್ಟಿನ ಬೂದಿ ತೇವ ಹಿಡಿದು ಬೋರ್ಡಿನ ಮೇಲೆ ಕುಳಿತರೆ ಉಳಿಗಾಲವಿಲ್ಲ. ಪ್ಯಾನೆಲನ್ನು ಬಾಯ್ಲರ್ ಶೆಡ್ಡಿನ ಹೊರಗೆ ಬಿಸಿ 40 ಡಿಗ್ರಿ ದಾಟದ ಜಾಗದಲ್ಲಿ ನಿಲ್ಲಿಸಿ, ಡ್ರೈವಿನ ಮೇಲೂ ಕೆಳಗೂ ಕನಿಷ್ಠ 10 ಸೆಂಟಿಮೀಟರ್ ಖಾಲಿ ಬಿಟ್ಟು, ಫಿಲ್ಟರ್ ಇರುವ ಫ್ಯಾನ್ ಕೂರಿಸಿದರೆ ಆ ಹಂತ ಮುಗಿಯಿತು.

ಈಗ ಬಹುಪಾಲು ಜನ ಎಡವುವ ಹಂತಕ್ಕೆ ಬರೋಣ: ಹಳೆಯ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಬಿಚ್ಚುವುದು. ಮೋಟಾರನ್ನು ಮೊದಲು ವೈಂಡಿಂಗಿಗೆ ಕಡಿಮೆ ವೋಲ್ಟೇಜ್ ಸಿಗುವ ಸ್ಟಾರ್ ಜೋಡಣೆಯಲ್ಲಿ ಹೊರಡಿಸಿ, ಆಮೇಲೆ ಪೂರ್ಣ ವೋಲ್ಟೇಜಿನ ಡೆಲ್ಟಾಗೆ ಬದಲಿಸುವ ಸಾಧನ ಅದು. ಮೇನ್ ಆಫ್ ಮಾಡಿ ಬೀಗ ಹಾಕಿ, ಮೂರೂ ಫೇಸಿನಲ್ಲಿ ಕರೆಂಟಿಲ್ಲ ಎಂದು ಪರೀಕ್ಷಿಸಿದ ಮೇಲೆ ನೋಡಿದರೆ, ಅಲ್ಲಿ ಮೂರು ಕಂಟ್ಯಾಕ್ಟರುಗಳು (ಕಾಯಿಲಿನಿಂದ ಎಳೆದು ಬಿಡುವ ಸ್ವಿಚ್ಚುಗಳು), ಒಂದು ಟೈಮರ್, ಕರೆಂಟು ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಒಂದು ಓವರ್‌ಲೋಡ್ ರಿಲೇ, ಮೋಟಾರಿಗೆ ಹೋಗುವ ಆರು ವೈರುಗಳು ಮತ್ತು ಹಲವು ಕಡೆ ಮೋಟಾರಿನ ಬದಿಗೇ ಜೋಡಿಸಿದ ಒಂದು ಕೆಪಾಸಿಟರ್ ಇರುತ್ತವೆ. ಡ್ರೈವ್ ಮತ್ತು ಮೋಟಾರಿನ ನಡುವೆ ಇವುಗಳಲ್ಲಿ ಒಂದೂ ಉಳಿಯಬಾರದು. ಕೇಬಲ್ ಮಾತ್ರ ಇರಬೇಕು.

ಹಣ ಉಳಿಸುವ ಯೋಚನೆಯಿಂದ ಸ್ಟಾರ್ಟರನ್ನು ಹಾಗೆಯೇ ಬಿಟ್ಟು, ಅದಕ್ಕೆ ಬರುತ್ತಿದ್ದ ಮೂರು ಫೇಸಿನ ಜಾಗದಲ್ಲಿ ಡ್ರೈವಿನ ಔಟ್‌ಪುಟ್ ಕೊಟ್ಟುಬಿಡುವವರಿದ್ದಾರೆ. ಆಗ ಮೋಟಾರು ಸ್ಟಾರಿನಲ್ಲಿ ಹೊರಡುತ್ತದೆ. ಕೆಲವು ಸೆಕೆಂಡುಗಳ ನಂತರ ಟೈಮರ್ ಡೆಲ್ಟಾಗೆ ಬದಲಿಸುವಾಗ, ತುಂಬು ಕರೆಂಟು ಹರಿಯುತ್ತಿರುವ ಸಂಪರ್ಕ ಕಿತ್ತು ಮತ್ತೆ ಕೂಡಿಕೊಳ್ಳುತ್ತದೆ. ನೇರ ಲೈನಿಗೆ ಅದು ಸಹಜ, ಆದರೆ ಡ್ರೈವಿನ ಐಜಿಬಿಟಿಗಳಿಗೆ ಅದು ದೊಡ್ಡ ಹೊಡೆತ. ಅದೃಷ್ಟವಿದ್ದರೆ ಓವರ್ ಕರೆಂಟ್ ಎಂದು ಟ್ರಿಪ್ ಆಗುತ್ತದೆ, ಇಲ್ಲದಿದ್ದರೆ ಔಟ್‌ಪುಟ್ ವಿಭಾಗವೇ ಹೋಗುತ್ತದೆ.

ಕೆಪಾಸಿಟರಿನ ವಿಷಯದಲ್ಲಿ ಪ್ರತಿ ಗಿರಣಿಯಲ್ಲೂ ವಾದ ಮಾಡಬೇಕಾಗುತ್ತದೆ. “ಕೆಪಾಸಿಟರ್ ಇರ್ಲಿ ಬಿಡ್ರಿ ಸರ, ತಗದ್ರ ಬಿಲ್ಲಿನ್ಯಾಗ ದಂಡ ಬೀಳ್ತೈತ್ರಿ” ಎಂದು ಮೇಸ್ತ್ರಿ ಹೇಳುವುದರಲ್ಲಿ ಅರ್ಥವಿದೆ, ಏಕೆಂದರೆ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕಡಿಮೆಯಾದರೆ ದಂಡ ಬೀಳುವುದು ನಿಜ. ಆದರೆ ಮೋಟಾರು ಬೇಡುವ ಕಾಂತೀಕರಣದ ಕರೆಂಟನ್ನು ಇನ್ನು ಮುಂದೆ ಡ್ರೈವಿನೊಳಗಿನ ಕೆಪಾಸಿಟರುಗಳೇ ಪೂರೈಸುತ್ತವೆ, ಅದು ಲೈನಿನಿಂದ ಬರುವುದಿಲ್ಲ; ಹಳೆಯ ಕೆಪಾಸಿಟರಿಗೆ ಅಲ್ಲಿ ಕೆಲಸವೇ ಇರುವುದಿಲ್ಲ. ಅಲ್ಲದೆ ಡ್ರೈವ್ ಕೊಡುವುದು ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುವ ಚೂಪಾದ ವೋಲ್ಟೇಜ್ ತುಣುಕುಗಳನ್ನು. ಕೆಪಾಸಿಟರ್ ಅಂಥ ತುಣುಕುಗಳಿಗೆ ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟಿನಂತೆ ವರ್ತಿಸುತ್ತದೆ. ಒಂದು ಗಿರಣಿಯಲ್ಲಿ ಹೊಸ ಡ್ರೈವ್ ಪ್ರತಿ ಸಲವೂ ಆನ್ ಮಾಡಿದ ತಕ್ಷಣ ಟ್ರಿಪ್ ಆಗುತ್ತಿತ್ತು. ಪ್ಯಾನೆಲಿನಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಮೋಟಾರಿನ ಫೌಂಡೇಶನ್ ಹಿಂದೆ, ಬೂದಿಯಲ್ಲಿ ಅರ್ಧ ಹೂತಿದ್ದ ತಗಡಿನ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಅದರ ಮೂರು ವೈರುಗಳು ನೇರವಾಗಿ ಟರ್ಮಿನಲ್ ಬಾಕ್ಸಿಗೆ ಹೋಗಿದ್ದವು. ಅವನ್ನು ಬಿಚ್ಚಿದ ಮೇಲೆ ಡ್ರೈವ್ ಸರಾಗವಾಗಿ ಓಡಿತು. ಹಾಗಾಗಿ ಮೋಟಾರಿನ ಸುತ್ತ ಒಂದು ಸುತ್ತು ಬಂದು, ಪ್ರತಿ ವೈರನ್ನೂ ಕೈಯಿಂದ ಹಿಡಿದು ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ಮುಂದುವರಿಯಬಾರದು.

ಇನ್ನು ಆರು ವೈರುಗಳನ್ನು ಮೂರು ಮಾಡುವುದು. ಮೋಟಾರಿನ ಟರ್ಮಿನಲ್ ಬಾಕ್ಸ್ ತೆರೆದರೆ ಎರಡು ಸಾಲಿನಲ್ಲಿ ಆರು ಸ್ಟಡ್‌ಗಳಿರುತ್ತವೆ: ಮೇಲಿನ ಸಾಲಿನಲ್ಲಿ ಯು1, ವಿ1, ಡಬ್ಲ್ಯೂ1, ಕೆಳಗಿನ ಸಾಲಿನಲ್ಲಿ ಡಬ್ಲ್ಯೂ2, ಯು2, ವಿ2. ಕೆಳಗಿನ ಸಾಲು ಒಂದು ಸ್ಥಾನ ಸರಿದಿರುವುದು ತಪ್ಪಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ: ಮೇಲಿನ ಪ್ರತಿ ಸ್ಟಡ್‌ನಿಂದ ಅದರ ನೇರ ಕೆಳಗಿನದಕ್ಕೆ ಹಿತ್ತಾಳೆಯ ಪಟ್ಟಿ ಹಾಕಿದರೆ ಡೆಲ್ಟಾ, ಕೆಳಗಿನ ಮೂರನ್ನೂ ಅಡ್ಡಡ್ಡ ಕೂಡಿಸಿದರೆ ಸ್ಟಾರ್. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಓಡುತ್ತಿದ್ದ 415 ವೋಲ್ಟಿನ ಮೋಟಾರಿಗೆ ಡೆಲ್ಟಾ ಪಟ್ಟಿಗಳೇ ಬೇಕು. ನೇಮ್‌ಪ್ಲೇಟಿನಲ್ಲಿ 415ರ ಪಕ್ಕದಲ್ಲಿರುವ ತ್ರಿಕೋನದ ಗುರುತು ಅದನ್ನೇ ಹೇಳುತ್ತದೆ. ಇಲ್ಲಿ ತಪ್ಪಿ ಸ್ಟಾರ್ ಮಾಡಿದರೂ ಮೋಟಾರು ತಿರುಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಪ್ರತಿ ವೈಂಡಿಂಗಿಗೆ ಸಿಗುವುದು 240 ವೋಲ್ಟ್ ಮಾತ್ರ, ತಿರುಚುಬಲ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಲೋಡ್ ಏರಿದಂತೆ ಮೋಟಾರು ಜಾರಿ, ಕರೆಂಟು ಹೆಚ್ಚಿ, ಕೆಲವೇ ದಿನಗಳಲ್ಲಿ ವೈಂಡಿಂಗ್ ಕರಕಲಾಗುತ್ತದೆ. ರಿವೈಂಡಿಂಗ್ ಮಾಡಿದವರು ಗುರುತುಗಳನ್ನು ಅಳಿಸಿದ್ದರೆ ಮೂರು ವೈಂಡಿಂಗುಗಳ ಜೋಡಿಗಳನ್ನೂ, ಪ್ರತಿಯೊಂದರ ಆರಂಭ ಮತ್ತು ಅಂತ್ಯವನ್ನೂ ಪರೀಕ್ಷಿಸಿ ಗುರುತು ಹಾಕಿಸಿಕೊಳ್ಳಿ. ಊಹೆಯ ಮೇಲೆ ಪಟ್ಟಿ ಹಾಕಬೇಡಿ.

ಡ್ರೈವಿಗೆ ಜೋಡಿಸುವ ಮೊದಲೇ ಮೋಟಾರಿಗೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಮೋಟಾರನ್ನು ಒಣಗಿಸದೆ ಮುಂದೆ ಹೋಗಬೇಡಿ. ಡ್ರೈವ್ ಜೋಡಿಸಿದ ಮೇಲೆ ಆ ವೈರುಗಳಿಗೆ ಮೆಗ್ಗರ್ ಮುಟ್ಟಿಸಲೇಬಾರದು.

ವೈರಿಂಗ್ ಸುಲಭ: ಲೈನು ಆರ್, ಎಸ್, ಟಿ ಟರ್ಮಿನಲ್ಲುಗಳಿಗೆ, ಮೋಟಾರು ಯು, ವಿ, ಡಬ್ಲ್ಯೂ ಟರ್ಮಿನಲ್ಲುಗಳಿಗೆ. ಇವೆರಡು ಅದಲುಬದಲಾದರೆ ಆನ್ ಮಾಡಿದ ಕ್ಷಣವೇ ಡ್ರೈವ್ ಸುಡಬಹುದು, ಆದ್ದರಿಂದ ಇನ್ನೊಬ್ಬರಿಂದಲೂ ಓದಿಸಿ. ಮೋಟಾರಿಗೆ ನಾಲ್ಕು ಕೋರಿನ ಆರ್ಮರ್ಡ್ ಕೇಬಲ್ ಎಳೆದು, ನಾಲ್ಕನೆಯ ಕೋರನ್ನು ಮೋಟಾರಿನ ಬಾಡಿಯಿಂದ ನೇರವಾಗಿ ಡ್ರೈವಿನ ಅರ್ತ್ ಟರ್ಮಿನಲ್ಲಿಗೆ ತನ್ನಿ, ಆರ್ಮರನ್ನು ಎರಡೂ ಕಡೆ ಗ್ಲ್ಯಾಂಡಿನಲ್ಲಿ ಬಿಗಿಯಿರಿ. ವೇಗ ಬದಲಿಸಲು ತಿರುಗಿಸುವ ಗುಂಡಿಯಾದ ಪಾಟ್‌ನ ತೆಳು ವೈರುಗಳು ಈ ಕೇಬಲಿನಿಂದ 30 ಸೆಂಟಿಮೀಟರಾದರೂ ದೂರವಿರಲಿ. ಫ್ಯಾನನ್ನು ನಿಲ್ಲಿಸಿ ಓಡಿಸುವುದು ಡ್ರೈವಿನ ಸ್ಟಾರ್ಟ್-ಸ್ಟಾಪ್ ಟರ್ಮಿನಲ್ಲಿನಿಂದಲೇ ಆಗಬೇಕು, ಡ್ರೈವಿಗೆ ಲೈನು ಕೊಡುವ ಎಂಸಿಸಿಬಿ ಎಂಬ ಬ್ರೇಕರನ್ನು ಎಳೆದು ತಳ್ಳಿ ಅಲ್ಲ. ಯಾವ ಕಾರಣಕ್ಕಾದರೂ ಡ್ರೈವಿನ ಮುಚ್ಚಳ ತೆಗೆಯುವುದಿದ್ದರೆ ಆಫ್ ಮಾಡಿ 10 ನಿಮಿಷ ಕಾಯಿರಿ, ಆಮೇಲೂ ಡಿಸಿ ಟರ್ಮಿನಲ್ಲುಗಳಲ್ಲಿ ವೋಲ್ಟೇಜ್ ಇಳಿದಿದೆಯೇ ಎಂದು ಅಳೆಯಿರಿ. ಓಡುವಾಗ ಅಲ್ಲಿ 580 ವೋಲ್ಟಿನ ಆಸುಪಾಸಿನಲ್ಲಿರುತ್ತದೆ, ಡಿಸ್‌ಪ್ಲೇ ಆರಿದ ಮಾತ್ರಕ್ಕೆ ಅದು ಖಾಲಿಯಾಗಿರುವುದಿಲ್ಲ.

ಮುಂದಿನದು ಪ್ಯಾರಾಮೀಟರುಗಳು, ಅಂದರೆ ಡ್ರೈವಿನೊಳಗೆ ತುಂಬಬೇಕಾದ ಅಂಕಿಗಳು. ನೇಮ್‌ಪ್ಲೇಟನ್ನು ಒರೆಸಿ, ವೋಲ್ಟೇಜ್, ಆಂಪಿಯರ್, ಹರ್ಟ್ಸ್, ವೇಗ, ಕಿಲೋವ್ಯಾಟ್ ಐದನ್ನೂ ತುಂಬಿ. ಆಂಪಿಯರನ್ನು ಹಾಗೆಯೇ ಬಿಡುವುದು ಬಹಳ ಕಡೆ ಕಂಡ ತಪ್ಪು: ಕಾರ್ಖಾನೆಯಿಂದ ಬರುವಾಗ ಅಲ್ಲಿರುವ ಅಂಕಿ ನಿಮ್ಮ ಮೋಟಾರಿನದಾಗಿರುವುದಿಲ್ಲ. 14.5 ಆಂಪಿಯರಿನ ಮೋಟಾರಿಗೆ 18 ಎಂದು ಇದ್ದರೆ, ಹಳೆಯ ಓವರ್‌ಲೋಡ್ ರಿಲೇಯನ್ನೂ ತೆಗೆದಿರುವ ಸ್ಥಿತಿಯಲ್ಲಿ ಮೋಟಾರಿಗೆ ಕಾವಲೇ ಇಲ್ಲ. ಗರಿಷ್ಠ ಆವರ್ತನ 50, ಕನಿಷ್ಠ 20 ಇರಲಿ. ಮೋಟಾರಿನ ಹಿಂದಿನ ತಂಪು ಫ್ಯಾನ್ ಅದೇ ಶಾಫ್ಟಿನ ಮೇಲಿರುವುದರಿಂದ ತೀರ ನಿಧಾನವಾದರೆ ಅದಕ್ಕೆ ಗಾಳಿ ಸಾಲದು. ಮೋಟಾರು ಹಾಡುತ್ತದೆ ಎಂದು, ಐಜಿಬಿಟಿಗಳು ಕತ್ತರಿಸುವ ವೇಗವಾದ ಕ್ಯಾರಿಯರ್ ಆವರ್ತನವನ್ನು ಏರಿಸಬೇಡಿ. ಸದ್ದು ಕಡಿಮೆಯಾದರೂ ಡ್ರೈವ್ ಬಿಸಿಯಾಗುತ್ತದೆ, ಹಳೆಯ ವೈಂಡಿಂಗಿನ ಇನ್ಸುಲೇಷನ್ನಿಗೂ ಪೆಟ್ಟು ಹೆಚ್ಚು.

ವೇಗ ಏರುವ ಸಮಯಕ್ಕೆ 30 ಸೆಕೆಂಡು ಕೊಡಿ. ಇಳಿಯುವ ಸಮಯದಲ್ಲಿ ಮಾತ್ರ ಜಾಗ್ರತೆ ಬೇಕು. ಭಾರವಾದ ಐಡಿ ಫ್ಯಾನ್ ಒಮ್ಮೆ ವೇಗ ಹಿಡಿದರೆ ತಾನಾಗಿ ನಿಲ್ಲಲು ಕೆಲವು ನಿಮಿಷ ಬೇಕಾಗುತ್ತದೆ. ಡ್ರೈವಿಗೆ ಹತ್ತೇ ಸೆಕೆಂಡಿನಲ್ಲಿ ನಿಲ್ಲಿಸು ಎಂದರೆ, ಫ್ಯಾನಿನ ತಿರುಗುವ ಶಕ್ತಿ ಮೋಟಾರನ್ನು ಜನರೇಟರಾಗಿಸಿ ಡ್ರೈವಿನ ಡಿಸಿ ಭಾಗಕ್ಕೆ ಹಿಂದಿರುಗುತ್ತದೆ. ಅಲ್ಲಿನ ವೋಲ್ಟೇಜ್ 800ರ ಹತ್ತಿರ ಏರಿ ಓವರ್ ವೋಲ್ಟೇಜ್ ಟ್ರಿಪ್ ಆಗುತ್ತದೆ. ಇದಕ್ಕೆ ಬ್ರೇಕಿಂಗ್ ರೆಸಿಸ್ಟರ್ ಮಾರಲು ಬರುವವರಿದ್ದಾರೆ, ಫ್ಯಾನಿಗೆ ಅದು ಅನಾವಶ್ಯಕ ಖರ್ಚು. ಸಮಯವನ್ನು ಹೆಚ್ಚಿಸಿ, ಅಥವಾ ನಿಲ್ಲಿಸುವ ವಿಧಾನವನ್ನು ಕೋಸ್ಟ್‌ಗೆ ಇಟ್ಟು ಫ್ಯಾನನ್ನು ಅದರ ಪಾಡಿಗೆ ನಿಲ್ಲಲು ಬಿಡಿ. ಇದರ ಜೊತೆಗೆ, ತಿರುಗುತ್ತಿರುವ ಫ್ಯಾನಿನ ವೇಗವನ್ನು ಗುರುತಿಸಿ ಅಲ್ಲಿಂದಲೇ ಹೊರಡುವ ಫ್ಲೈಯಿಂಗ್ ಸ್ಟಾರ್ಟ್ ಅಥವಾ ಸ್ಪೀಡ್ ಸರ್ಚ್ ಎಂಬ ಸೌಲಭ್ಯವನ್ನು ಆನ್ ಮಾಡಲೇಬೇಕು. ಕರೆಂಟು ಹೋಗಿ ಅರೆ ನಿಮಿಷದಲ್ಲಿ ಬಂದಾಗ ಫ್ಯಾನ್ ಇನ್ನೂ ತಿರುಗುತ್ತಿರುತ್ತದೆ, ಆಗ ಡ್ರೈವ್ ಸೊನ್ನೆಯಿಂದ ಹೊರಟರೆ ಮತ್ತೆ ಟ್ರಿಪ್ ಆಗುತ್ತದೆ. ಕರೆಂಟು ಬಂದೊಡನೆ ತಾನಾಗಿಯೇ ಓಡುವ ಸೌಲಭ್ಯವನ್ನು ಮಾತ್ರ ಆಫ್ ಇಡಿ. ಕತ್ತಲಲ್ಲಿ ಬೆಲ್ಟಿನ ಹತ್ತಿರ ಯಾರ ಕೈ ಇದೆಯೋ ಹೇಳಲಾಗದು.

ಮೊದಲ ಓಟಕ್ಕೆ ಬೆಲ್ಟ್ ಬಿಚ್ಚಿ ಕನಿಷ್ಠ ಆವರ್ತನದಲ್ಲಿ ಮೋಟಾರು ತಿರುಗುವ ದಿಕ್ಕನ್ನು ಫ್ಯಾನಿನ ಕವಚದ ಮೇಲಿನ ಬಾಣದ ಗುರುತಿಗೆ ಹೋಲಿಸಿ ನೋಡಿ. ಚಿಮಣಿಯಲ್ಲಿ ಹೊಗೆ ಹೋಗುತ್ತಿದೆಯಲ್ಲ ಎಂದು ಸುಮ್ಮನಾಗಬೇಡಿ, ಏಕೆಂದರೆ ಇಂಥ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿ ಅದೇ ಕಡೆಗೆ ಹೋಗುತ್ತದೆ, ಬಲ ಮಾತ್ರ ಇರುವುದಿಲ್ಲ. ದಿಕ್ಕು ಬದಲಿಸಲು ಔಟ್‌ಪುಟ್‌ನ ಎರಡು ವೈರುಗಳನ್ನು ಅದಲುಬದಲು ಮಾಡಬೇಕು. ಲೈನಿನ ಕಡೆ ಬದಲಿಸಿದರೆ ಏನೂ ಆಗದು. ಬೆಲ್ಟ್ ಹಾಕಿದ ಮೇಲೆ ಹತ್ತು ಹತ್ತು ಹರ್ಟ್ಸ್ ಏರಿಸುತ್ತ ಪ್ರತಿ ಹಂತದ ಆಂಪಿಯರನ್ನೂ ವೋಲ್ಟೇಜನ್ನೂ ಡ್ರೈವಿನ ಡಿಸ್‌ಪ್ಲೇಯಲ್ಲೇ ಓದಿ ಬರೆದುಕೊಳ್ಳಿ, ಏಕೆಂದರೆ ಸಾದಾ ಮಲ್ಟಿಮೀಟರ್ ಡ್ರೈವಿನ ಔಟ್‌ಪುಟ್ ವೋಲ್ಟೇಜನ್ನು ತಪ್ಪು ತೋರಿಸುತ್ತದೆ. ಯಾವುದೋ ಒಂದು ವೇಗದಲ್ಲಿ ಮಾತ್ರ ಫ್ಯಾನ್ ನಡುಗಿದರೆ ಆ ಆವರ್ತನವನ್ನು ಜಂಪ್ ಫ್ರೀಕ್ವೆನ್ಸಿಯಲ್ಲಿ ಹಾಕಿ ದಾಟಿಸಿ.

ಪರೀಕ್ಷೆಯನ್ನು ತಣ್ಣನೆಯ ಬಾಯ್ಲರಿನಲ್ಲಿ ಮಾಡುತ್ತಿದ್ದರೆ ಒಂದು ವಿಷಯ ನೆನಪಿರಲಿ. ತಣ್ಣಗಿನ ಗಾಳಿ ಬಿಸಿ ಹೊಗೆಗಿಂತ ಬಹಳ ಭಾರ. ಡ್ಯಾಂಪರ್ ಪೂರ್ತಿ ತೆರೆದು 50 ಹರ್ಟ್ಸ್‌ಗೆ ಏರಿಸಿದರೆ ಮೋಟಾರು ನೇಮ್‌ಪ್ಲೇಟಿನ ಆಂಪಿಯರನ್ನು ಮೀರಬಹುದು. ಅಂಥ ಕಡೆ ಬಾಯ್ಲರ್ ಬಿಸಿಯಾಗುವವರೆಗೆ 35–40 ಹರ್ಟ್ಸ್‌ನಲ್ಲೇ ಓಡಿಸಬೇಕು.

ಡ್ಯಾಂಪರನ್ನು ಪೂರ್ತಿ ತೆರೆದು, ತಂತಿಯ ಬದಲು ಬೋಲ್ಟು ಹಾಕಿ ಅದೇ ಸ್ಥಿತಿಯಲ್ಲಿ ನಿಲ್ಲಿಸಿ. ಬೆಂಕಿಯ ಬಣ್ಣ, ಕುಲುಮೆಯ ಎಳೆತ ನೋಡಿಕೊಂಡು ಪಾಟ್ ತಿರುಗಿಸುವುದನ್ನು ಎಲ್ಲ ಪಾಳಿಯ ಬಾಯ್ಲರ್ ಕೆಲಸಗಾರರಿಗೂ ಕಲಿಸಿ, ಇಲ್ಲದಿದ್ದರೆ ಎರಡನೆಯ ಪಾಳಿಯವರು ಹಳೆಯ ಅಭ್ಯಾಸದಂತೆ ಡ್ಯಾಂಪರ್ ಮುಚ್ಚಿ ಡ್ರೈವನ್ನು 50ಕ್ಕೆ ಏರಿಸಿರುತ್ತಾರೆ. ಬದಲಿಸಿದ ಎಲ್ಲ ಪ್ಯಾರಾಮೀಟರುಗಳನ್ನೂ ಹಾಳೆಯಲ್ಲಿ ಬರೆದು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ. ಫಿಲ್ಟರನ್ನು ವಾರಕ್ಕೊಮ್ಮೆ ಬಡಿದು ಸ್ವಚ್ಛ ಮಾಡಬೇಕು. ಒಂದು ತಿಂಗಳ ನಂತರ ಆಫ್ ಮಾಡಿ, ಹತ್ತು ನಿಮಿಷ ಕಾದು, ಡ್ರೈವಿನ ಮತ್ತು ಮೋಟಾರಿನ ಟರ್ಮಿನಲ್ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಬಿಸಿಗೂ ನಡುಕಕ್ಕೂ ತಾಮ್ರದ ಎಳೆಗಳು ಕುಳಿತು, ಮೊದಲ ದಿನ ಗಟ್ಟಿಯಾಗಿದ್ದ ಸ್ಕ್ರೂ ಅರ್ಧ ಸುತ್ತಾದರೂ ತಿರುಗುತ್ತದೆ.