ಬಿಸಿಲಿಗೆ ಬಿದ್ದ ಹೆಜ್ಜಾರ್ಲೆ ಮರಿಗಳು: ನನ್ನ ಅನುಭವ

ನಮ್ಮದು ಮದ್ದೂರು ತಾಲ್ಲೂಕು ಕೊಕ್ಕರೆ ಬೆಳ್ಳೂರು. ಹಿತ್ಲಲ್ಲಿ ಒಂದು ಹಳೇ ಹುಣಸೆ ಮರ ಇದೆ, ಬುದ್ಧಿ ಬಂದಾಗಿಂದ ಅದರ ಮೇಲೆ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಗೂಡು ಕಟ್ಟೋದು ನೋಡ್ಕೊಂಡೇ ಬೆಳೆದಿದೀನಿ. ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಕಣ್ಲಾ ಇವು, ಅಂತಾಳೆ ನಮ್ಮವ್ವ. ಚಳಿ ಶುರುವಾಗೋ ಹೊತ್ಗೆ ಬಂದು ಬೇಸಿಗೆ ಮುಗಿಯೋದ್ರೊಳಗೆ ಮರಿ ಹಾರಿಸ್ಕೊಂಡು ಹೋಗ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವ್ರು ನಮ್ಮೂರಲ್ಲಿ ಹಕ್ಕಿ ಗೂಡು ಕಟ್ಟೋದನ್ನ ಹೊರಗಿನವ್ರ ಗಮನಕ್ಕೆ ತಂದ್ರು, 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಆಯ್ತು.

ಮರಿ ಬೀಳೋದು ಹೊಸದೇನಲ್ಲ. ಮುಂಗಾರಿಗೆ ಮುಂಚೆ ಗಾಳಿ ಎದ್ರೆ ಯಾವಾಗ್ಲೂ ಒಂದೆರಡು ಬೀಳ್ತಿದ್ವು. ಆದ್ರೆ 2023ರಲ್ಲಿ ಮಳೆ ಕೈಕೊಟ್ಟು ಬರ ಬಂತಲ್ಲ, ಅದರ ಮುಂದಿನ ಬೇಸಿಗೇಲಿ ನಾನು ನೋಡಿದ್ದೇ ಬೇರೆ. ಗಾಳಿ ಇಲ್ದೇನೇ ಬೀಳ್ತಿದ್ವು. ಮಧ್ಯಾಹ್ನ ಮರದ ಕೆಳಗೆ ನಿಂತು ಮೇಲೆ ನೋಡಿದ್ರೆ ಮರಿಗಳು ಬಾಯಿ ತೆಗೆದು ಗಂಟಲ ಚೀಲಾನ ಪಟಪಟ ಅಲ್ಲಾಡಿಸ್ತಿರ್ತವೆ, ಹಂಗೆ ಮಾಡಿ ಮೈ ತಣ್ಣಗೆ ಮಾಡ್ಕೊಳ್ತವೆ. ತಾಯೋ ತಂದೆಯೋ ರೆಕ್ಕೆ ಹರಡ್ಕೊಂಡು ನೆರಳು ಮಾಡಿ ನಿಲ್ಬೇಕು, ಆದ್ರೆ ಹತ್ರದ ಕೆರೆ ಒಣಗಿದ್ರೆ ಅವು ಮೀನಿಗೆ ದೂರ ಹೋಗ್ಬೇಕು, ವಾಪಸ್ ಬರೋದು ತಡ, ಅಷ್ಟೊತ್ತೂ ಮರಿ ಬಿಸಿಲಲ್ಲೇ, ಹೊಟ್ಟೇಲೂ ಇಲ್ಲ ಮೈಮೇಲೆ ನೆರಳೂ ಇಲ್ಲ, ಸೋತು ಅಂಚಿಗೆ ಬಂದು ಉರುಳಿಬಿಡ್ತವೆ. ನಾಲ್ಕೈದು ದಿನ ನೋಡಿದ್ಮೇಲೆ ನನಗೆ ಇದು ಅರ್ಥ ಆಗಿದ್ದು.

ಮೊದಲು ಮಾಡಿದ್ದು ಹುಲ್ಲು ಹಾಸಿದ್ದು. ಗೂಡು ಜಾಸ್ತಿ ಇರೋ ಕೊಂಬೆ ಕೆಳಗೆ ಭತ್ತದ ಹುಲ್ಲು ಮೊಣಕಾಲುದ್ದ ಹರಡಿದೆ, ಬಿದ್ರೂ ಕಾಲು ಮುರೀಬಾರ್ದು ಅಂತ. ಹಳೇ ಮೀನಿನ ಬಲೆ ಕಟ್ಟಿದ್ದೂ ಉಂಟು, ಆದ್ರೆ ಉಗುರು ಸಿಕ್ಕಾಕ್ಕೊಂಡು ಒದ್ದಾಡಿದ್ವು, ಹುಲ್ಲೇ ವಾಸಿ. ಬಿದ್ದ ಮರೀನ ನೆರಳಿಗೆ ತಂದು ಸುತ್ತ ಒದ್ದೆ ಗೋಣಿತಾಟು ಇಳಿಬಿಡ್ಬೇಕು, ಮೇಲೆ ಹೊದಿಸ್ಬಾರ್ದು. ಬಾಯಿಗೆ ನೀರು ಸುರೀಬೇಡಿ, ಶ್ವಾಸಕ್ಕೆ ಹೋಗಿ ಸತ್ತೋಗುತ್ತೆ, ಒಂದು ಮರೀನ ನಾನು ಹಂಗೇ ಕಳ್ಕೊಂಡೆ, ಇವತ್ತೂ ಅದು ಮನಸ್ಸಲ್ಲಿದೆ. ಸ್ವಲ್ಪ ಸುಧಾರಿಸ್ಕೊಂಡ ಮೇಲೆ ಬೆರಳುದ್ದದ ಮೀನನ್ನ ನೀರಿರೋ ಟಬ್ಬಲ್ಲಿ ಬಿಟ್ರೆ ತಾನೇ ಎತ್ಕೊಳ್ಳುತ್ತೆ. ಹಾಂ, ಇದೆಲ್ಲ ಅರಣ್ಯ ಇಲಾಖೆಯವ್ರಿಗೆ ತಿಳಿಸಿ ಮಾಡಿದ್ದು, ಕಾಡುಹಕ್ಕೀನ ನಮ್ಮ ಪಾಡಿಗೆ ನಾವು ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಊರಲ್ಲಿ ಹೆಜ್ಜಾರ್ಲೆ ಬಳಗದ ಹುಡುಗ್ರು ಬಹಳ ವರ್ಷದಿಂದ ಬಿದ್ದ ಮರಿ ಸಾಕಿ ಬಿಡ್ತಾ ಬಂದಿದಾರೆ, ನಾನು ಕಲ್ತಿದ್ದೂ ಅವ್ರ ಹತ್ರಾನೇ.

ಆದ್ರೆ ಬಿದ್ದ ಮರೀನ ಎತ್ತೋದು ಕೊನೇ ಕೆಲಸ, ಬೀಳ್ದಂಗೆ ಆಗ್ಬೇಕು ಅಂದ್ರೆ ಹತ್ರದಲ್ಲಿ ನೀರಿರ್ಬೇಕು. ಶಿಂಷಾ ಹೊಳೆ, ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ, ಇವೇ ಇವುಗಳ ಅಡುಗೆಮನೆ. ಹೆಜ್ಜಾರ್ಲೆ ಮುಳುಗಿ ಮೀನು ಹಿಡಿಯೋ ಹಕ್ಕಿ ಅಲ್ಲ, ಮೇಲ್ಮೇಲೆ ಈಜಾಡ್ಕೊಂಡು ಚೀಲದಲ್ಲಿ ಬಾಚ್ಕೊಳ್ಳುತ್ತೆ, ಅದಕ್ಕೆ ಕೆರೆ ಅಂಚಿನ ತೆಳು ನೀರು ಚೆನ್ನಾಗಿ ಒದಗುತ್ತೆ. ಬೇಸಿಗೇಲಿ ಮೊದಲು ಬತ್ತೋದೂ ಅದೇ. ನಾನು ಹೋಗ್ತಿದ್ದ ಒಂದು ಸಣ್ಣ ಕೆರೇಲಿ ಮೀನು ಗುತ್ತಿಗೆ ಹಿಡಿದವ್ರು ಹಕ್ಕಿ ಓಡಿಸೋಕೆ ಪಟಾಕಿ ಹೊಡೀತಿದ್ರು. ಅವ್ರ ಕಷ್ಟಾನೂ ಸುಳ್ಳಲ್ಲ, ನೀರು ಕಮ್ಮಿ ಆದ್ರೆ ಮೀನು ಒಂದೇ ಕಡೆ ಸೇರುತ್ತೆ, ಹಕ್ಕಿಗೆ ಸುಲಭ, ಇವ್ರಿಗೆ ನಷ್ಟ. ಮೂರು ಸಲ ಹೋಗಿ ಕೂತು ಮಾತಾಡ್ದೆ. ದುಡ್ಡು ಬರೋ ದೊಡ್ಡ ಮೀನು ಮೊದಲೇ ಹಿಡಿದ್ಬಿಡಣ್ಣ, ತೂಬಿನ ಹತ್ರದ ಗುಂಡೀಲಿರೋ ಪುಡಿಮೀನು ಮಾತ್ರ ಮೇ ತಿಂಗಳವರೆಗೂ ಬಿಟ್ಬಿಡು, ನೀರನ್ನ ಪಂಪಲ್ಲಿ ಎತ್ಬೇಡ ಅಂದೆ. ಒಪ್ಕೊಂಡ್ರು. ಆ ಗುಂಡಿಗೆ ದಿನಾ ಬೆಳಿಗ್ಗೆ ಹಕ್ಕಿ ಇಳಿಯೋದು ನೋಡಿ ನಾನು ಅತ್ತಿದ್ದೀನಿ.

ನೀರು ಕಮ್ಮಿ ಆದಾಗ ಇನ್ನೊಂದು ಭಯ ಇದೆ. 2017ರ ಕೊನೆಗೆ ಶುರುವಾಗಿ 2018ರಲ್ಲಿ ನಮ್ಮೂರಲ್ಲಿ ಹೆಜ್ಜಾರ್ಲೆ ಸಾಲಾಗಿ ಸತ್ವು, ಕೊಯ್ದು ನೋಡಿದ್ರೆ ಹೊಟ್ಟೇಲಿ ಜಂತುಹುಳ, ಮೀನಿಂದ ಬಂದಿದ್ದು. ಕೊಳಚೆ ಸೇರೋ ಕೆರೇಲಿ ನೀರು ತಳ ಕಂಡಷ್ಟೂ ಮೀನಿನ ಗತಿ ಏನು ಅಂತ ಯೋಚ್ನೆ ಮಾಡಿ. ಹಾಗಾಗಿ ಸಾಕೋ ಮರಿಗೆ ಚರಂಡಿ ಸೇರೋ ಕೆರೆ ಮೀನು ನಾನು ತರಲ್ಲ.

ಇನ್ನು ಮರದ ವಿಷ್ಯ. ಹಿಕ್ಕೆ ಬಿದ್ದು ಹುಣಸೆಹಣ್ಣು ಕೆಡುತ್ತೆ, ಅದಕ್ಕೆ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತೆ. ಆದ್ರೂ ನಮ್ಮ ದೊಡ್ಡಪ್ಪ ಮನೆ ಕಟ್ಬೇಕು ಅಂತ ಅವ್ರ ಮರಕ್ಕೆ ಕೊಡಲಿ ಹಾಕ್ಸೋಕೆ ಹೊರಟಿದ್ರು. ನಾನು ಮರದಡಿ ಗುಂಡಿ ತೋಡಿ ಕೆರೆ ಗೋಡು (ಹೂಳು ಮಣ್ಣು) ತುಂಬ್ಸಿ, ಹಿಕ್ಕೆ ಬಿದ್ದು ಕಲೆತ ಗೊಬ್ಬರಾನ ಅವ್ರ ಹಿಪ್ಪುನೇರಳೆ ಸಾಲಿಗೆ ಹಾಕಿ ತೋರಿಸ್ದೆ. ಸೊಪ್ಪು ನೋಡಿದ್ಮೇಲೆ ಮನೆ ಪಾಯಾನ ಹತ್ತಡಿ ಆಚೆಗೆ ಹಾಕ್ಸಿದ್ರು, ಮರ ಉಳೀತು.

ಹುಣಸೆ ದೊಡ್ಡದಾಗೋಕೆ ಒಂದು ತಲೆಮಾರೇ ಬೇಕು, ಅದಕ್ಕೆ ಆಲ, ಗೋಣಿ ಮರದ ತೋಳಿನ ಗಾತ್ರದ ಕೊಂಬೆ ಕಡಿದು ಮಳೆಗಾಲದ ಶುರುವಲ್ಲಿ ನೆಟ್ಟಿದೀವಿ, ಇವು ಕೊಂಬೆಯಿಂದ್ಲೇ ಬೇರು ಬಿಡ್ತವೆ. ಹದಿನಾಲ್ಕು ನೆಟ್ಟಿದ್ವು, ಒಂಬತ್ತು ಚಿಗುರಿವೆ. ಈ ಸಲ ಹುಲ್ಲನ್ನ ಹಸುವಿಗೆ ಪೂರ್ತಿ ಹಾಕ್ದೆ ಒಂದು ಗಾಡಿ ಬೇರೇನೇ ಬಣವೆ ಒಟ್ಟಿದೀನಿ, ಮಾರ್ಚಿಗೆ ಬೇಕಾಗುತ್ತೆ.