ವೋಲ್ಟೇಜ್, ಕರೆಂಟ್ ಅಳೆದು ವ್ಯಾಟ್ ಲೆಕ್ಕ ಹಾಕುವುದು: ನನ್ನ ಅನುಭವ

ವೋಲ್ಟೇಜು, ಕರೆಂಟು ಗುಣಿಸಿದರೆ ವ್ಯಾಟ್ ಎಂಬ ಲೆಕ್ಕ ಡಿಸಿಗೆ (ಬ್ಯಾಟರಿಯಂತೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟಿಗೆ) ಸರಿ. ಬ್ಯಾಟರಿಯಲ್ಲಿ 12.4 ವೋಲ್ಟ್, 5 ಆಂಪಿಯರ್ ಇದ್ದರೆ 62 ವ್ಯಾಟ್, ಅಲ್ಲಿಗೆ ಮುಗಿಯಿತು. ಎಸಿ (ದಿಕ್ಕು ಬದಲಿಸುತ್ತಲೇ ಇರುವ, ಮನೆಗೆ ಬರುವ ಕರೆಂಟು) ಮೋಟರಿನಲ್ಲಿ ಹೀಗೆ ಗುಣಿಸಿದಾಗ ಸಿಗುವುದು ವಿಎ (ವೋಲ್ಟ್-ಆಂಪಿಯರ್) ಮಾತ್ರ. ಅದನ್ನು ಪವರ್ ಫ್ಯಾಕ್ಟರಿನಿಂದ, ಅಂದರೆ ವಿಎಯಲ್ಲಿ ನಿಜವಾಗಿ ಖರ್ಚಾಗುವ ಪಾಲಿನಿಂದ, ಗುಣಿಸಿದ ಮೇಲೆಯೇ ವ್ಯಾಟ್. ಆ ಪವರ್ ಫ್ಯಾಕ್ಟರನ್ನು ಕಣ್ಣುಮುಚ್ಚಿ 0.8 ಎಂದು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಎನರ್ಜಿ ಮೀಟರಿನಿಂದಲೇ (ಕರೆಂಟ್ ಬಿಲ್ಲಿನ ಮೀಟರ್) ಅದನ್ನು ತೆಗೆಯಬಹುದು.

ಸಿಂಗಲ್ ಫೇಸ್ ಪಂಪಿಗೆ ನಾನು ಮಾಡುವುದು ಹೀಗೆ. ಉಳಿದ ಲೋಡೆಲ್ಲ ಆಫ್ ಮಾಡಿ ಪಂಪ್ ಒಂದನ್ನೇ ಓಡಿಸುತ್ತೇನೆ. ಕ್ಲ್ಯಾಂಪ್ ಮೀಟರಿನ (ವೈರನ್ನು ಕತ್ತರಿಸದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಬಾಯೊಳಗೆ ಫೇಸ್ ವೈರ್ ಒಂದೇ ಇರಬೇಕು. ನ್ಯೂಟ್ರಲ್ ಕೂಡ ಸೇರಿದರೆ ಎರಡರ ಕಾಂತಕ್ಷೇತ್ರ ಪರಸ್ಪರ ವಜಾ ಆಗಿ ಸೊನ್ನೆ ತೋರಿಸುತ್ತದೆ. ವೋಲ್ಟೇಜನ್ನು ಎನರ್ಜಿ ಮೀಟರಿನ ಪಕ್ಕದ ಬೋರ್ಡಿನಲ್ಲಿ, ಪಂಪ್ ಓಡುತ್ತಿರುವಾಗಲೇ ನೋಡಬೇಕು. ಲೋಡ್ ಇಲ್ಲದಾಗ ಅದು ಹೆಚ್ಚೇ ಇರುತ್ತದೆ. 228 ವೋಲ್ಟ್, 6.5 ಆಂಪಿಯರ್ ಬಂತು ಎನ್ನಿ: 1482 ವಿಎ.

ಈಗ ಎನರ್ಜಿ ಮೀಟರಿನ ಮಿನುಗುವ ದೀಪ. ಒಂದು ಯೂನಿಟ್‌ಗೆ (1000 ವ್ಯಾಟ್-ಗಂಟೆ, ಅಂದರೆ 36,00,000 ವ್ಯಾಟ್-ಸೆಕೆಂಡ್) ಎಷ್ಟು ಪಲ್ಸ್, ಅಂದರೆ ಮಿನುಗು, ಎಂದು ಮೀಟರಿನ ಮೇಲೇ ಬರೆದಿರುತ್ತದೆ. 3200 ಎಂದಿದ್ದು, 50 ಪಲ್ಸ್‌ಗೆ 45 ಸೆಕೆಂಡ್ ಹಿಡಿದರೆ, 36,00,000 × 50 ÷ (3200 × 45) = 1250 ವ್ಯಾಟ್. 1250 ÷ 1482, ಪವರ್ ಫ್ಯಾಕ್ಟರ್ 0.84. ಸ್ಟಾಪ್‌ವಾಚ್ ಒತ್ತಿದಾಗಿನ ಮಿನುಗನ್ನು ಸೊನ್ನೆ ಎಂದು ಎಣಿಸಿ. ಒಂದರಿಂದ ಎಣಿಸಿದರೆ ನಿಮಗೆ ಸಿಗುವುದು 49 ಪಲ್ಸಿನ ಸಮಯ.

ತ್ರೀ ಫೇಸ್‌ಗೆ ಸೂತ್ರ 1.732 × ಲೈನ್ ವೋಲ್ಟೇಜ್ (ಎರಡು ಫೇಸ್‌ಗಳ ನಡುವಿನದು) × ಕರೆಂಟ್ × ಪವರ್ ಫ್ಯಾಕ್ಟರ್. ಮೂರೂ ವೈರುಗಳ ಕರೆಂಟ್ ಅಳೆದು ಸರಾಸರಿ ಹಾಕಬೇಕು. 415 ವೋಲ್ಟ್, 7.2 ಆಂಪಿಯರ್, ಮೋಟರಿನ ನೇಮ್‌ಪ್ಲೇಟಿನಲ್ಲಿ ಪವರ್ ಫ್ಯಾಕ್ಟರ್ 0.82 ಇದ್ದರೆ ಸುಮಾರು 4244 ವ್ಯಾಟ್. ಅದೇ ನೇಮ್‌ಪ್ಲೇಟಿನಲ್ಲಿ 5 ಎಚ್‌ಪಿ, ಅಂದರೆ 3.73 ಕಿಲೋವ್ಯಾಟ್ ಎಂದಿದ್ದರೆ ಗಾಬರಿ ಬೇಡ: ಅದು ಶಾಫ್ಟಿನಲ್ಲಿ ಸಿಗುವ ಶಕ್ತಿ, ನಾವು ಅಳೆದದ್ದು ಒಳಗೆ ಹೋಗುವುದು.

ನೇಮ್‌ಪ್ಲೇಟಿನ 0.82 ಫುಲ್ ಲೋಡಿಗೆ ಮಾತ್ರ. ಇದೇ ಮೋಟರ್ ಲೋಡಿಲ್ಲದೆ ತಿರುಗುವಾಗಲೂ 3 ಆಂಪಿಯರ್ ಎಳೆಯಬಹುದು. ಆಗ 0.82 ಹಾಕಿದರೆ 1768 ವ್ಯಾಟ್ ಬರುತ್ತದೆ. ಪವರ್ ಫ್ಯಾಕ್ಟರ್ 0.2ಕ್ಕೆ ಇಳಿದಿದ್ದರೆ ನಿಜವಾದ ಖರ್ಚು 431 ವ್ಯಾಟ್ ಅಷ್ಟೇ.

ಸಣ್ಣ ಲೋಡಿಗೆ ವೈರನ್ನು ಕ್ಲ್ಯಾಂಪಿನೊಳಗೆ ಹತ್ತು ಸುತ್ತು ಹಾಯಿಸಿ, ಬಂದ ರೀಡಿಂಗನ್ನು ಹತ್ತರಿಂದ ಭಾಗಿಸಿ. ಎಲ್‌ಇಡಿ, ಕಂಪ್ಯೂಟರ್‌ಗಳಿಗೆ ಟ್ರೂ ಆರ್‌ಎಂಎಸ್ ಮೀಟರೇ (ಕರೆಂಟಿನ ಅಲೆ ಓರೆಕೋರೆಯಾಗಿದ್ದರೂ ಸರಿಯಾಗಿ ಅಳೆಯುವಂಥದ್ದು) ಬೇಕು; ಸಾದಾ ಮೀಟರ್ ಕರೆಂಟನ್ನು ಕಡಿಮೆ ತೋರಿಸುತ್ತದೆ.